ಸ್ವೋರ್ಡ್ಸ್‌ಮನ್ (2020) ಅನ್ನೋ ಕೊರಿಯನ್ ಸಿನಿಮಾದ ಕಥೆ ತಲೆಗೆ ಹತ್ತಲಿಲ್ಲ, ಚಿಂಗ್‌ನವರು (ಅಂದ್ರೆ ಮಂಚೂಗಳು, ಆಮೇಲೆ ಚೀನಾ ಆಳಿದವರು) ಕೊರಿಯಾದಲ್ಲಿ ಯಾಕಿಷ್ಟು ಮೆರೀತಾರೆ ಅಂತ ಕೇಳಿದ್ದಕ್ಕೆ ಉತ್ತರ

ಶುರುವಲ್ಲಿ ಬರೋ ರಾಜನ್ನ ಪಟ್ಟದಿಂದ ಇಳ್ಸೋ ಸೀನ್ ಯಾವ್ದು ಅಂತ ಗೊತ್ತಾಗದೆ ಮುಂದೆ ಹೋಗಿದ್ದೇ ಕಾರಣ ಅನ್ಸುತ್ತೆ, ಸಿನಿಮಾದಲ್ಲಿ ಅದನ್ನ ಬಿಡಿಸಿ ಹೇಳಲ್ಲ.

ಮೊದ್ಲು ಇಷ್ಟು ತಲೇಲಿಟ್ಕೊಳ್ಳಿ. ಆ ರಾಜ ಕೊರಿಯಾದ ಗ್ವಾಂಗ್‌ಹೇ. ಅತ್ಲಾಗೆ ಆಗ ಚೀನಾ ಆಳ್ತಿದ್ದ ಮಿಂಗ್ ವಂಶದ ಕಡೆ ಪೂರ್ತಿ ವಾಲದೆ, ಇತ್ಲಾಗೆ ಮಂಚೂಗಳನ್ನೂ ಎದುರು ಹಾಕ್ಕೊಳ್ದೆ ನಡೆಸ್ಕೊಂಡ್ ಹೋಗ್ತಿದ್ದ, 1623ರಲ್ಲಿ ಅವನನ್ನ ಇಳಿಸಿ ಇಂಜೋನ ಕೂರ್ಸಿದ್ರು, ಹೊಸಬರು ಮಿಂಗ್ ಪರ, ಆಮೇಲೆ 1627ರಲ್ಲಿ ಒಂದ್ಸಲ 1636ರ ಕೊನೇಲಿ ಇನ್ನೊಂದ್ಸಲ ಮಂಚೂ ದಾಳಿ ಆಯ್ತು. ಕೊನೆಗೆ ಇಂಜೋ ಕೋಟೆಯಿಂದ ಇಳಿದು ಬಂದು ಚಿಂಗ್ ಚಕ್ರವರ್ತಿ ಮುಂದೆ ಮೂರು ಸಲ ಮಂಡಿಯೂರಿ ಒಂಬತ್ತು ಸಲ ತಲೆ ನೆಲಕ್ಕೆ ಬಾಗಿಸಬೇಕಾಯ್ತು, ಓದಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಎಷ್ಟೋ ಜನರನ್ನ ಸೆರೆ ಹಿಡ್ಕೊಂಡು ಹೋದ್ರು. ಸಿನಿಮಾದಲ್ಲಿ ಚಿಂಗ್ ಕಡೆಯವನಾದ ಗುರುತಾಯ್ ದರ್ಪ ಇಲ್ಲಿಂದ ಬಂದಿದ್ದು.

ಈಗ ಮೊದಲ ಹತ್ತು ನಿಮಿಷ ಮತ್ತೆ ನೋಡಿ, ನಾಯಕ ಜಾಂಗ್ ಹ್ಯುಕ್ ಯಾರಿಗೆ ಕಾವಲಿದ್ದ ಅಂತ ಗಮನಿಸಿ. ಆಮೇಲೆ ಡಬ್ಬಿಂಗ್ ತೆಗ್ದು ಕೊರಿಯನ್ ಆಡಿಯೋ, ಸಬ್‌ಟೈಟಲ್ ಹಾಕ್ಕೊಳ್ಳಿ, ಆದ್ರೆ ಹೆಡ್‌ಫೋನಲ್ಲೇ ನೋಡಿ: ಅವನಿಗೆ ಕಣ್ಣು ಮಂಜಾಗಿರುತ್ತಲ್ಲ, ಕತ್ತಿ ಸದ್ದು ಹೆಜ್ಜೆ ಸದ್ದು ನಿಮಗೂ ಸರಿಯಾಗಿ ಕೇಳಿದ್ರೇನೇ ಫೈಟ್ ಅರ್ಥ ಆಗೋದು. ಅವನ ಮಗಳ ವಿಷ್ಯ ನಾನು ಹೇಳಲ್ಲ, ಶುರುವಿನ ಸೀನ್ ಹಿಡ್ಕೊಂಡ್ರೆ ನಿಮಗೇ ಗೊತ್ತಾಗುತ್ತೆ.