ದಾವೀದನ ಕತೆ ಕೇಳಿಯೂ ಮಗ ಸಂಕ ದಾಟುದಿಲ್ಲ

ಪ್ರಶ್ನೆ: ಟೀಚರೇ, ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ರ, ತೋಟದ ಮಧ್ಯ ಮನೆ. ಮಗನಿಗೆ 6 ವರ್ಷ, ಒಂದನೇ ಕ್ಲಾಸು. ಶಾಲೆಗೆ ಹೋಗ್ಲಿಕ್ಕೆ ತೋಡಿನ ಸಂಕ (ಸಣ್ಣ ಕಾಲುಸೇತುವೆ) ದಾಟ್ಬೇಕು, ಮಳೆ ಶುರುವಾದ್ಮೇಲೆ ಅಲ್ಲಿ ನಿಂತು ಅಳುದೇ ಅಳುದು. ರಾತ್ರಿ ಗುಡುಗಿದ್ರೆ, ಕರೆಂಟ್ ಹೋದ್ರೆ ಮತ್ತೆ ಅದೇ. ಕ್ಲಾಸಲ್ಲಿ ಬಾಯಿಯೇ ಬಿಡುದಿಲ್ಲ ಅಂತೆ, ಅಲ್ಲಿ ಉಳಿದವರಿಗೆ ಮಲಯಾಳ, ಇವನಿಗೆ ಬರೀ ಕನ್ನಡ. ನಾನು ದಿನಾ ಬೈಬಲಿನ ಕತೆ ಹೇಳ್ತೇನೆ, ಕುರಿ ಕಾಯುವ ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಸೋಲಿಸಿದ್ದು, "ದಾವೀದ ಹೆದರ್ಲಿಲ್ಲ, ನೀನ್ಯಾಕೆ ಹೆದರುದು" ಅಂತ. ಮೊನ್ನೆ "ಅವನಿಗೆ ಹೆದರಿಕೆ ಇರ್ಲಿಲ್ಲ, ನಂಗೆ ಉಂಟು" ಅಂತ ಹೇಳಿ ಮುಸುಕು ಹಾಕಿ ಮಲಗಿದ. ಬೇರೆ ಯಾವ ಕತೆ ಹೇಳುದು?

ಉತ್ತರ: ಮಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಅಕ್ಕ. ನಾನೂ ಸಂಡೇ ಸ್ಕೂಲಲ್ಲಿ ಎಷ್ಟೋ ವರ್ಷ ಹಾಗೇ ಹೇಳಿಕೊಟ್ಟವಳು, ನಾಟಕ ಮಾಡುವಾಗ ಎಲ್ಲರಿಗೂ ದಾವೀದನೇ ಆಗ್ಬೇಕು, ಒಬ್ಬ ಸಣ್ಣ ಹುಡುಗ ಮಾತ್ರ ಪ್ರತಿಸಲ "ನಾನು ಕುರಿ ಆಗ್ತೇನೆ" ಅಂತಿದ್ದ. ಆ ಕುರಿಗೆ ಹೇಳ್ಲಿಕ್ಕೆ ನನ್ನ ಹತ್ರ ಕತೆಯೇ ಇರ್ಲಿಲ್ಲ, ಈಗ ಉಂಟು.

ಗಿದ್ಯೋನನಿಂದ ಶುರು ಮಾಡಿ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕ, 6, 7ನೇ ಅಧ್ಯಾಯ. ಮಿದ್ಯಾನ್ಯರು ಎಂಬ ಶತ್ರುಗಳು ಬೆಳೆ ಹಾಳು ಮಾಡ್ತಾರೆ ಅಂತ ಹೆದರಿ ಅವ ದ್ರಾಕ್ಷಿ ಆಲೆಯಲ್ಲಿ ಅಡಗಿ ಗೋಧಿ ಬಡೀತಿದ್ದ, ಅಡಗಿ ಕೂತವನನ್ನೇ ದೇವದೂತ "ಪರಾಕ್ರಮಶಾಲಿ" ಅಂತ ಕರಿಯುದು! ಬಾಳ ಎಂಬ ಅನ್ಯದೇವತೆಯ ಬಲಿಪೀಠ ಒಡೆಯುವಾಗಲೂ ಹಗಲು ಹೋಗ್ಲಿಕ್ಕೆ ಹೆದರಿ ರಾತ್ರಿ ಹೋದ, ಅದೂ 10 ಆಳುಗಳನ್ನು ಕರ್ಕೊಂಡು. ನಂಗೆ ತುಂಬ ಇಷ್ಟದ್ದು ಮುಂದಿನದ್ದು. ಯುದ್ಧದ ರಾತ್ರಿ, ಯುದ್ಧ ಶುರುವಾಗುವ ಮೊದಲು ದೇವರು ಹೇಳುದು, ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ ಆದ್ರೆ ನಿನ್ನ ಆಳು ಪುರನನ್ನು ಕರ್ಕೊಂಡು ಹೋಗು ಅಂತ. ಬೈಲಿಲ್ಲ, ನಾಚಿಕೆ ಆಗುದಿಲ್ವಾ ಅಂತ ಕೇಳ್ಲಿಲ್ಲ, ಜೊತೆಗೆ ಜನ ಕೊಟ್ಟದ್ದು. ಇಬ್ಬರೂ ಮೆಲ್ಲ ಹೋಗಿ ಕಿವಿಕೊಟ್ರೆ ಅಲ್ಲಿ ಶತ್ರು ಸೈನಿಕ ಒಬ್ಬ ತನ್ನ ಕನಸು ಹೇಳ್ತಾ ಇದ್ದಾನೆ, ಒಂದು ಜವೆಗೋದಿ ರೊಟ್ಟಿ ಉರುಳಿಕೊಂಡು ಬಂದು ಡೇರೆಗೆ ಬಡಿದು ಡೇರೆಯೇ ಮಗುಚಿಬಿತ್ತು ಅಂತ. ಇಲ್ಲಿ ಮಕ್ಕಳು ನಗ್ತಾರೆ, ನಗ್ಲಿ, ಒಂದು ರೊಟ್ಟಿ ಉರುಳಿಸಿಯೇ ತೋರಿಸಿ.

ಮಾರನೆ ದಿನ ಸಂಕದ ಹತ್ರ "ಇವತ್ತು ಪುರ ನಾನು" ಅಂತ ಕೈ ಹಿಡೀರಿ. ಬೇಸಿಗೆಯಲ್ಲಿ ತೋಡು ಒಣಗಿದ್ಮೇಲೆ ಬೇಕಾದ್ರೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಆದ್ರೆ ಅಕ್ಕ, ತೋಡು ಕೆಂಪು ನೀರು ತುಂಬಿ ಹರಿವಾಗ ಆರು ವರ್ಷದವ ಹೆದರುದು ಬುದ್ಧಿಯೇ, ಅಡಿಕೆ ಮರದ ಸಂಕ ಆದ್ರೆ ಮೊದಲು ಒಂದು ಬಿದಿರಿನ ಕೈತಾಂಗು ಕಟ್ಟಿಸಿ, ಆ ಕೆಲಸ ಕತೆಯಿಂದ ಆಗುದಿಲ್ಲ.

ಕ್ಲಾಸಿನ ವಿಷಯಕ್ಕೆ ಮೋಶೆ. ಐಗುಪ್ತದ ಅರಸನ ಹತ್ರ ಹೋಗಿ ಮಾತಾಡು ಅಂದಾಗ ನಂಗೆ ಮಾತು ಬರುದಿಲ್ಲ, ಬೇರೆ ಯಾರನ್ನಾದ್ರೂ ಕಳಿಸು ಅಂತ ದೇವರ ಹತ್ರವೇ ಹಟ ಮಾಡಿದವ, ಕೊನೆಗೆ ಅಣ್ಣ ಆರೋನ ಜೊತೆಗೆ ಬಂದ. ಎರಡೂ ಭಾಷೆ ಬರುವ ಮಗುವಿನ ಪಕ್ಕ ಕೂರಿಸ್ಲಿಕ್ಕೆ ಟೀಚರ ಹತ್ರ ಕೇಳಿ, ಮನೆಯಲ್ಲಿ "ಎನಿಕ್ಕ್ ಮನಸ್ಸಿಲಾಯಿಲ್ಲ" ಅಂತ ಒಂದು ವಾಕ್ಯ ಕಲಿಸಿ, ಅರ್ಥ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಬಂದ್ರೆ ಅರ್ಧ ಹೆದರಿಕೆ ಹೋಗ್ತದೆ.

ಗುಡುಗಿಗೆ ಪ್ರಾರ್ಥನೆ ಮಾಡಿ, ಆದ್ರೆ "ಪ್ರಾರ್ಥನೆ ಮಾಡಿದ್ರೆ ನಿಲ್ತದೆ" ಅಂತ ಮಾತು ಕೊಡ್ಬೇಡಿ, ನಿಲ್ಲದಿದ್ರೆ ತನ್ನ ಮೇಲೆಯೇ ದೇವರಿಗೆ ಕೋಪ ಅಂತ ಮಗು ತಿಳ್ಕೊಳ್ತದೆ. ಯೇಸುವಿನ ಜೊತೆ ದೋಣಿಯಲ್ಲಿ ಬಿರುಗಾಳಿಗೆ ಹೆದರಿದ ಶಿಷ್ಯರಲ್ಲಿ ಮೀನು ಹಿಡಿದೇ ಬದುಕಿದ ದೊಡ್ಡ ಗಂಡಸರೂ ಇದ್ರು ಅಂತ ಹೇಳಿ, ಯೇಸು ತಲೆದಿಂಬು ಇಟ್ಟು ಮಲಗಿದ್ದನ್ನೂ ಹೇಳಿ.

ದಾವೀದನನ್ನು ಬಿಡುದು ಬೇಡ. 40 ದಿನ ಬೆಳಿಗ್ಗೆ ಸಂಜೆ ಗೊಲ್ಯಾತ ಬಂದು ಕಿರುಚುವಾಗ ಇಡೀ ಸೈನ್ಯ ಹೆದರಿತ್ತು, ಅರಸ ಸೌಲನ ಕವಚ ಹಾಕಿ ನಡಿಲಿಕ್ಕೇ ಆಗದೆ ದಾವೀದ ಬಿಚ್ಚಿಟ್ಟ, ತನಗೆ ಗೊತ್ತಿದ್ದ ಕವಣೆಯನ್ನೇ ಹಿಡಿದ, ಹಳ್ಳದಿಂದ 5 ನುಣುಪು ಕಲ್ಲು ಹೆಕ್ಕಿದ. ತಲೆ ಕಡಿದದ್ದನ್ನು ನಾವಾಗಿ ವರ್ಣಿಸುದು ಬೇಡ, ಮಗ ಕೇಳಿದ್ರೆ ಸುಳ್ಳು ಹೇಳುದೂ ಬೇಡ.

ಪ್ರಶ್ನೆ: ಮೊಮ್ಮಗಳಿಗೆ 8 ವರ್ಷ. ಧೈರ್ಯದ ಕತೆ ಅಂದ್ರೆ ಎಲ್ಲ ಯುದ್ಧ, ಸಿಂಹ. ಅದಿಲ್ಲದ್ದು ಒಂದು ಉಂಟಾ? (ರಿಟೈರ್ಡ್ ಮಾಸ್ಟ್ರು, ಮಂಜೇಶ್ವರ)

ಉತ್ತರ: ಉಂಟು ಮಾಸ್ಟ್ರೇ, ಬೈಬಲಿನ ಅಪೊಸ್ತಲರ ಕೃತ್ಯಗಳು 23ರಲ್ಲಿ. ರೋಮನ್ ಸೈನ್ಯದ ಸೆರೆಯಲ್ಲಿದ್ದ ಯೇಸುವಿನ ಅಪೊಸ್ತಲ ಪೌಲನನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುದಿಲ್ಲ ಅಂತ 40ಕ್ಕಿಂತ ಜಾಸ್ತಿ ಜನ ಶಪಥ ಮಾಡಿದ್ದು ಪೌಲನ ಸಹೋದರಿಯ ಮಗನ ಕಿವಿಗೆ ಬಿತ್ತು. ಹೆಸರು ಸಹ ಇಲ್ಲ ಆ ಹುಡುಗನಿಗೆ. ಅವ ಮಾಡಿದ್ದು ಒಂದೇ, ಹೋಗಿ ಹೇಳಿದ. ಸೈನ್ಯದ ಅಧಿಕಾರಿ ಅವನ ಕೈ ಹಿಡಿದು ಆಚೆ ಕರ್ಕೊಂಡು ಹೋಗಿ ಕೇಳಿದ, ನಂಬಿದ, ಆ ರಾತ್ರಿಯೇ 470 ಸೈನಿಕರ ಕಾವಲಲ್ಲಿ ಪೌಲನನ್ನು ಸಾಗಿಸಿದ. ಕತೆ ಮುಗಿದ್ಮೇಲೆ "ಯಾರಾದ್ರೂ ಮನೆಯಲ್ಲಿ ಹೇಳ್ಬೇಡ ಅಂದ್ರೆ ನೀನು ಯಾರಿಗೆ ಹೇಳ್ತಿ" ಅಂತ ಮೊಮ್ಮಗಳನ್ನು ಕೇಳಿ, ಮಕ್ಕಳ ಸಹಾಯವಾಣಿ 1098 ಅಂತ ಬಾಯಿಪಾಠ ಮಾಡಿಸಿ. ಅವಳು ಹೇಳುವ ಹೆಸರು ನಿಮ್ಮದಲ್ಲದೆ ಅಜ್ಜಿಯದ್ದು ಆದ್ರೆ ಬೇಜಾರು ಮಾಡ್ಬೇಡಿ.