ಮನೆಮಾತು ಅರ್ಥವಾಗುತ್ತೆ, ಮಾತಾಡಲ್ಲ ಅಂದಿದ್ದಕ್ಕೆ
6 ವರ್ಷದ ಮಗಳು ಮನೆಮಾತಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ ಅಂದಿರಲ್ಲ, ಕಾರಣ ಮರೆವಲ್ಲ, ಬಹುಶಃ ನೀವೇ. ಯಾವ ಭಾಷೆಯಲ್ಲಿ ಕೇಳಿದರೂ ನೀರಿನ ಲೋಟ ಕೈಗೆ ಬರುತ್ತದೆ, ಮತ್ತೆ ಅವಳು ಯಾಕೆ ಕಷ್ಟಪಡಬೇಕು? ನನ್ನ ಮಗನದ್ದೂ ಇದೇ ಕತೆ.

ಮೊದಲು ತಿದ್ದುವುದು, ನಗುವುದು ನಿಲ್ಲಿಸಿ. ತಿದ್ದಿದಷ್ಟೂ ಬಾಯಿ ಮುಚ್ಚುತ್ತಾರೆ. ಆಮೇಲೆ ಅವಳು ‘ವಾಟರ್’ ಅಂದರೆ, ‘ನೀರಾ? ತಣ್ಣಗಿರೋದಾ, ಬಿಸಿದಾ?’ ಅಂತ ಮನೆಮಾತಲ್ಲೇ ತಿರುಗಿ ಕೇಳಿ. ಹೌದು, ಇಲ್ಲ ಅಂತ ಮುಗಿಯೋ ಪ್ರಶ್ನೆ ಬೇಡ, ಆಯ್ಕೆ ಕೊಟ್ಟರೆ ಒಂದು ಪದವಾದರೂ ಬಾಯಿಂದ ಬರುತ್ತದೆ. ಅದು ರೂಢಿಯಾದ ಮೇಲೆ ಬೇರೆ ಭಾಷೆ ಬಾರದ ಅಜ್ಜಿಗೆ ದಿನಾ ಫೋನ್ ಮಾಡಿಸಿ, ಪಕ್ಕದಲ್ಲಿ ಕೂತು ನೀವು ಅನುವಾದ ಮಾಡಬೇಡಿ. ಎಷ್ಟು ದಿನ ಅಂತ ಹೇಳೋದು ಕಷ್ಟ, ನಮಗೆ 4 ತಿಂಗಳು ಹಿಡಿಯಿತು.