ತೋಟದ ಬೋರ್‌ವೆಲ್ ಮೋಟಾರನ್ನು ಊರಲ್ಲಿ ಕೂತೇ ಆನ್-ಆಫ್ ಮಾಡೋಕಾಗುತ್ತಾ?

ಖಂಡಿತ ಆಗುತ್ತದೆ, ಮೊಬೈಲ್ ಸ್ಟಾರ್ಟರ್ ಹಾಕಿಸಿ. ಸಿಮ್ ಇರುವ ಈ ಡಬ್ಬಿ ಇಂಟರ್ನೆಟ್‌ನಲ್ಲಿ ಕಂಪನಿಯ ಸರ್ವರ್ ಜೊತೆ ಸಂಪರ್ಕದಲ್ಲಿರುತ್ತದೆ. ನೀವು ಆ್ಯಪ್‌ನಲ್ಲಿ ಆನ್ ಒತ್ತಿದರೆ ಆ ಆದೇಶ ಸರ್ವರ್ ಮೂಲಕ ಡಬ್ಬಿಗೆ ಹೋಗಿ, ಒಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಸ್ಟಾರ್ಟರನ್ನು ಚಾಲೂ ಮಾಡುತ್ತದೆ. ಆದರೆ ಸುಮ್ನೆ ಆನ್ ಅಂತ ತೋರಿಸಿದರೆ ಸಾಲದು. ಕೇಬಲ್‌ನಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುವಂಥದ್ದನ್ನೇ ತಗೊಳ್ಳಿ. ಬೋರ್‌ನಲ್ಲಿ ನೀರು ಖಾಲಿಯಾದರೆ ಆಂಪಿಯರ್ ಇಳಿಯುತ್ತದೆ, ಓಡುವಾಗ ಕರೆಂಟ್ ತರುವ ಮೂರು ಫೇಸ್‌ಗಳಲ್ಲಿ ಒಂದು ಹೋದರೆ ಉಳಿದೆರಡರಲ್ಲಿ ಜಾಸ್ತಿಯಾಗಿ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡುತ್ತದೆ. ಆಗ ಡಬ್ಬಿ ನಿಮ್ಮನ್ನು ಕೇಳದೆ ತಾನೇ ಆಫ್ ಮಾಡಬೇಕು, ತೋಟದಲ್ಲಿ ನೆಟ್‌ವರ್ಕ್ ಯಾವಾಗಲೂ ಇರಲ್ಲ ಅಲ್ವಾ?

ಸ್ಟಾರ್ಟರ್‌ಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತಿಡಿ. ಆ್ಯಪ್‌ನಲ್ಲಿ ಆಫ್ ಮಾಡಿದ್ದನ್ನು ನಂಬಬೇಡಿ, ಮನೆಯಲ್ಲಿ ಯಾರಾದರೂ ಆನ್ ಒತ್ತಿಬಿಟ್ಟರೆ ಜೀವಕ್ಕೇ ಅಪಾಯ.